ಹಳೆಯ ಕಾರಿಗೆ ಯಾವ ಬೀಸಣಿಗೆ?

ಬೆಂಗಳೂರಿನ ಜಯನಗರದಲ್ಲಿ ನಮ್ಮ ಮಿತ್ರರೊಬ್ಬರ ಮನೆಯಿದೆ. ಅವರ ತಂದೆಯವರು 1960ರ ದಶಕದಲ್ಲಿ ಕೊಂಡ ಅಂಬಾಸಡರ್ ಕಾರು ಮನೆಯ ಮುಂದಿನ ಹೊಂಗೆಮರದ ನೆರಳಿನಲ್ಲಿ ಇಂದಿಗೂ ನಿಂತಿದೆ. ತಂದೆಯವರು ಈಗಿಲ್ಲ. ಎಂಬತ್ತು ದಾಟಿದ ತಾಯಿಯವರು ಮಾತ್ರ ಬನಶಂಕರಿಯ ಗುಡಿಗೆ ಹೋಗಬೇಕಾದಾಗಲೆಲ್ಲ ಅದೇ ಕಾರಿನಲ್ಲಿಯೇ ಹೋಗಬೇಕೆಂದು ಹಟ ಹಿಡಿಯುತ್ತಾರೆ. ಏಪ್ರಿಲ್ ತಿಂಗಳಿನ ಒಂದು ಮಂಗಳವಾರ, ರಾಹುಕಾಲದ ನಿಂಬೆಹಣ್ಣಿನ ದೀಪಕ್ಕಾಗಿ ಮಧ್ಯಾಹ್ನ ಹೊರಟ ಈ ಕಾರು ಕನಕಪುರ ರಸ್ತೆಯ ವಾಹನಸಂದಣಿಯ ನಡುವೆ ನಿಂತುಹೋಯಿತು. ಮುಂಭಾಗದಿಂದ ಬಿಳಿಯ ಹಬೆ ಬುಸುಗುಟ್ಟುತ್ತ ಹೊರಬಂದಿತು. ಹಿಂದಿನಿಂದ ಹಾರನ್ನುಗಳ ಕೂಗು, ಮೇಲಿನಿಂದ ಬಿಸಿಲು, ಒಳಗೆ ವೃದ್ಧೆಯಾದ ತಾಯಿ. "ನಿಮ್ಮಪ್ಪ ಇದ್ದಾಗ ಈ ಗಾಡಿ ಒಂದು ದಿನವೂ ಹೀಗೆ ಮಾಡಿರಲಿಲ್ಲ ಕಣೋ" ಎಂದು ಆಕೆ ಹೇಳಿದ ಮಾತು ಮಿತ್ರರ ಮನಸ್ಸಿನಲ್ಲಿ ನಾಟಿತು.

ಮರುದಿನ ಕಾರನ್ನು ನೋಡಿದ ಮೆಕ್ಯಾನಿಕ್ಕು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟನು: "ಸಾರ್, ಈ ಕಾಲದ ಟ್ರಾಫಿಕ್ಕಿಗೆ ಈ ಫ್ಯಾನು ಸಾಲದು. ಕಿತ್ತುಹಾಕಿ ಎಲೆಕ್ಟ್ರಿಕ್ ಫ್ಯಾನು ಹಾಕಿಸಿಬಿಡಿ." ಮಿತ್ರರು ನಮ್ಮ ಬಳಿಗೆ ಬಂದು, "ಹಾಕಿಸಲೇ, ಬೇಡವೇ? ಅಥವಾ ಕಾರನ್ನೇ ಮಾರಿಬಿಡಲೇ?" ಎಂದು ಕೇಳಿದರು. ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಶಾಖ, ಗಾಳಿ, ವಿದ್ಯುತ್ತು ಈ ಮೂರರ ಲೆಕ್ಕವನ್ನೂ ನೋಡಬೇಕಾಗುತ್ತದೆ. ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಇದಕ್ಕೆ ಸಾಕು. ವಾಚಕರೊಡನೆ ನಾವೂ ಈ ಲೆಕ್ಕವನ್ನು ಹೆಜ್ಜೆಹೆಜ್ಜೆಯಾಗಿ ಮಾಡಿ ನೋಡೋಣ.

ಶಾಖದ ಲೆಕ್ಕ

ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯೆಲ್ಲವೂ ಚಕ್ರಗಳನ್ನು ತಿರುಗಿಸುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಕಡಮೆ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಮತ್ತೊಂದು ಪಾಲು ಎಂಜಿನ್ನಿನ ಲೋಹವನ್ನು ಕಾಯಿಸುತ್ತದೆ. ಈ ಮೂರನೆಯ ಪಾಲನ್ನು ಹೊರಸಾಗಿಸುವುದೇ ರೇಡಿಯೇಟರಿನ ಕೆಲಸ. ಪಂಪು ನೀರನ್ನು ಎಂಜಿನ್ನಿನ ಸುತ್ತ ಹರಿಸುತ್ತದೆ. ಕಾದ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಇಳಿಯುತ್ತದೆ. ಕೊಳವೆಗಳಿಗೆ ಹೊಂದಿಸಿರುವ ತೆಳು ತಗಡುಗಳ ನಡುವೆ ಬೀಸುವ ಗಾಳಿ ಆ ಶಾಖವನ್ನು ಒಯ್ಯುತ್ತದೆ.

ಸಂದಣಿಯಲ್ಲಿ ತೆವಳುತ್ತಿರುವ ಒಂದು ಹಳೆಯ ಕಾರು ಗಂಟೆಗೆ ಒಂದು ಲೀಟರು ಪೆಟ್ರೋಲನ್ನು ಸುಡುತ್ತಿದೆಯೆಂದು ಇಟ್ಟುಕೊಳ್ಳೋಣ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿಯಿದೆ. ಅಂದರೆ ಪ್ರತಿ ಸೆಕೆಂಡಿಗೆ ಸುಮಾರು 9,000 ಜೌಲ್. ಇದರಲ್ಲಿ ಮೂರನೆಯ ಒಂದು ಭಾಗ ನೀರಿಗೆ ಸೇರಿದರೂ ಅದು 3,000 ವಾಟ್ ಆಯಿತು. ಸ್ನಾನದ ನೀರು ಕಾಯಿಸಲು ಬಕೆಟ್ಟಿಗೆ ಇಳಿಬಿಡುವ 1,500 ವಾಟ್‌ನ ಕಾಯಿಲುಗಳು ಎರಡು ಎಂಜಿನ್ನಿನ ನೀರಿನಲ್ಲಿ ಸದಾ ಮುಳುಗಿರುವಂತೆ ಇದು. ರೇಡಿಯೇಟರಿನ ಮೇಲೆ ಗಾಳಿಯೇ ಬೀಸದಿದ್ದಲ್ಲಿ, 7 ಲೀಟರು ನೀರು 80 ಡಿಗ್ರಿ ಸೆಂಟಿಗ್ರೇಡಿನಿಂದ 97 ಡಿಗ್ರಿಗೆ ಏರಲು ಮೂರು ನಿಮಿಷವೂ ಬೇಕಾಗದು. ಎಂಜಿನ್ನಿನ ಎರಕದ ಕಬ್ಬಿಣವೂ ನೀರಿನೊಡನೆ ಕಾಯಬೇಕಾಗುವುದರಿಂದ ಇನ್ನು ಕೆಲವು ನಿಮಿಷಗಳ ಅವಕಾಶ ಸಿಗುತ್ತದೆ, ಅಷ್ಟೆ.

97 ಡಿಗ್ರಿ ಎಂದುದೇಕೆ? ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿ ವಾಯುವಿನ ಒತ್ತಡ ಕಡಮೆಯಾದುದರಿಂದ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಚೆನ್ನೈಗಿಂತ ಬೆಂಗಳೂರು ತಂಪಾದ ಊರೆಂಬುದು ನಿಜ. ಆದರೆ ಕುದಿಯುವ ಎಲ್ಲೆಯೂ ಇಲ್ಲಿ ಮೂರು ಡಿಗ್ರಿ ಕೆಳಗಿದೆ. ಜೊತೆಗೆ ಇಲ್ಲಿನ ಗಾಳಿ ಸುಮಾರು ಹತ್ತರಲ್ಲೊಂದು ಪಾಲು ವಿರಳವಾಗಿದೆ. ಮೇಲೆ ಹೇಳಿದ 3,000 ವಾಟ್ ಶಾಖವನ್ನು ಒಯ್ಯುವ ಗಾಳಿ ತಾನು 20 ಡಿಗ್ರಿ ಕಾಯುತ್ತದೆಯೆಂದು ಎಣಿಸಿದರೆ, ಸಮುದ್ರತೀರದಲ್ಲಿ ಸೆಕೆಂಡಿಗೆ 130 ಲೀಟರು ಗಾಳಿ ಸಾಕಾಗುವಲ್ಲಿ ಬೆಂಗಳೂರಿನಲ್ಲಿ 145 ಲೀಟರು ಬೇಕಾಗುತ್ತದೆ. 2016ರ ಏಪ್ರಿಲಿನಲ್ಲಿ ನಗರದ ಉಷ್ಣತೆ 39.2 ಡಿಗ್ರಿಗೆ ಏರಿದ್ದುಂಟು. ಗಾಳಿಯೇ ಅಷ್ಟು ಕಾದಿರುವಾಗ ಅದು ಹೀರಬಲ್ಲ ಶಾಖವೂ ಕಡಮೆಯಾಗುತ್ತದೆ.

ಇದಕ್ಕೆ ಒಂದು ಪರಿಹಾರ ರೇಡಿಯೇಟರಿನ ಮುಚ್ಚಳದಲ್ಲಿಯೇ ಇದೆ. ಅದರಲ್ಲಿರುವ ಸ್ಪ್ರಿಂಗು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಆಗುವಂತೆಯೇ, ಒತ್ತಡ ಹೆಚ್ಚಿದಷ್ಟೂ ಕುದಿಯುವ ಎಲ್ಲೆ ಮೇಲೇರುತ್ತದೆ. ಚದರ ಅಂಗುಲಕ್ಕೆ 7 ಪೌಂಡು ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಬೆಂಗಳೂರಿನಲ್ಲಿ ನೀರು 109 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಮುಚ್ಚಳದ ರಬ್ಬರು ಹರಿದಿದ್ದರೆ ಈ ಹನ್ನೆರಡು ಡಿಗ್ರಿಗಳ ರಕ್ಷಣೆ ತಪ್ಪಿಹೋಗುತ್ತದೆ. ಇದೇ ಕಾರಣದಿಂದ ಕಾದ ಎಂಜಿನ್ನಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒಳಗಿನ ನೀರು 107 ಡಿಗ್ರಿಯಲ್ಲಿದ್ದು ಒತ್ತಡ ಥಟ್ಟನೆ ಇಳಿದರೆ, 7 ಲೀಟರಿನಲ್ಲಿ ಸುಮಾರು 130 ಗ್ರಾಂ ನೀರು ಆ ಕ್ಷಣವೇ ಆವಿಯಾಗುತ್ತದೆ. ಆ ಆವಿಗೆ 200 ಲೀಟರಿಗೂ ಮಿಕ್ಕ ಸ್ಥಳ ಬೇಕು. ಅದು ಕುದಿನೀರನ್ನೂ ಎಳೆದುಕೊಂಡು ತೆರೆದವನ ಮುಖಕ್ಕೇ ಎರಗುತ್ತದೆ.

ಬೆಲ್ಟಿನಿಂದ ತಿರುಗುವ ಬೀಸಣಿಗೆ

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮೊದಲಾದ ಹಳೆಯ ಕಾರುಗಳಲ್ಲಿ ಎಂಜಿನ್ನು ಕಾರಿನ ಉದ್ದಕ್ಕೆ ಕುಳಿತಿರುತ್ತದೆ. ಎಂಜಿನ್ನಿನ ಮುಂಭಾಗದ ರಾಟೆಯಿಂದ ಹೊರಟ ಒಂದೇ ರಬ್ಬರಿನ ಬೆಲ್ಟು ನೀರಿನ ಪಂಪನ್ನೂ ಡೈನಮೋವನ್ನೂ ತಿರುಗಿಸುತ್ತದೆ. ಪಂಪಿನ ದಂಡದ ತುದಿಯಲ್ಲಿಯೇ ಬೀಸಣಿಗೆಯನ್ನು ಬಿಗಿದಿರುತ್ತಾರೆ. ಇದಕ್ಕಿಂತ ಸರಳವಾದ ಏರ್ಪಾಡು ಇರಲಾರದು. ತಂತಿಯಿಲ್ಲ, ಫ್ಯೂಸಿಲ್ಲ, ಸ್ವಿಚ್ಚಿಲ್ಲ. ಎಂಜಿನ್ನು ತಿರುಗುವವರೆಗೆ ಬೀಸಣಿಗೆಯೂ ತಿರುಗುತ್ತದೆ.

ಆದರೆ ಅದರ ಬಲವೇ ಅದರ ದೌರ್ಬಲ್ಯವೂ ಆಗಿದೆ. ಬೀಸಣಿಗೆ ನೂಕುವ ಗಾಳಿ ಅದರ ವೇಗದ ಅನುಪಾತದಲ್ಲಿರುತ್ತದೆ. ಅದು ನುಂಗುವ ಶಕ್ತಿಯಾದರೋ ವೇಗದ ಘನದ ಅನುಪಾತದಲ್ಲಿ ಬೆಳೆಯುತ್ತದೆ. ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆಯೆನ್ನೋಣ. ಆಗ ಬೀಸಣಿಗೆಗೆ 20 ವಾಟ್ ಸಾಕಾಗುತ್ತಿದ್ದರೆ, ಹೆದ್ದಾರಿಯಲ್ಲಿ ನಾಲ್ಕು ಪಟ್ಟು ವೇಗದಲ್ಲಿ, ಎಂದರೆ 3,200 ಸುತ್ತಿನಲ್ಲಿ, ಅದಕ್ಕೆ 64 ಪಟ್ಟು ಶಕ್ತಿ ಬೇಕು. 1,280 ವಾಟ್, ಅಂದರೆ ಸುಮಾರು 1.7 ಅಶ್ವಶಕ್ತಿ. ಹೆದ್ದಾರಿಯಲ್ಲಿ ಕಾರು 50-60 ಕಿಲೋಮೀಟರು ವೇಗದಲ್ಲಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸಬಲ್ಲದು. ಬೀಸಣಿಗೆಯ ಅಗತ್ಯ ಅಲ್ಲಿ ಬಹಳ ಕಡಮೆ. ಹೀಗೆ ಬೇಡವಾದಾಗ ಬಿರುಸಾಗಿ ಬೀಸುವುದು, ಬೇಕಾದಾಗ ಮಂದವಾಗಿ ಬೀಸುವುದು ಬೆಲ್ಟಿನ ಬೀಸಣಿಗೆಯ ಸ್ವಭಾವ. ಈ ಕಾರುಗಳು ಹುಟ್ಟಿದ ಕಾಲದಲ್ಲಿ ಇದು ದೊಡ್ಡ ಕೊರತೆಯಾಗಿರಲಿಲ್ಲ. ಇಂದು ಜಯನಗರದ ನಾಲ್ಕನೆಯ ಬ್ಲಾಕಿನಿಂದ ಬಿ. ಟಿ. ಎಂ. ಬಡಾವಣೆಯ ಮೂಲಕ ಸಿಲ್ಕ್ ಬೋರ್ಡ್ ಕೂಡುರಸ್ತೆಗೆ ಸಂಜೆಯ ಹೊತ್ತು ಹೋಗುವವರಿಗೆ ಅದು ದೊಡ್ಡ ಕೊರತೆಯೇ.

ವಿದ್ಯುತ್ ಬೀಸಣಿಗೆ

1983ರ ಡಿಸೆಂಬರಿನಲ್ಲಿ ನಮ್ಮ ದೇಶದ ರಸ್ತೆಗಿಳಿದ ಮಾರುತಿ 800 ಕಾರಿನಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ್ದರು. ಹಾಗೆ ಕೂರಿಸಿದಾಗ ಬೆಲ್ಟಿನ ರಾಟೆ ಪಕ್ಕದ ಚಕ್ರದ ಕಡೆಗೆ ತಿರುಗಿರುತ್ತದೆಯೇ ಹೊರತು ಮುಂದಿರುವ ರೇಡಿಯೇಟರಿನ ಕಡೆಗಲ್ಲ. ಇಂತಹ ಎಂಜಿನ್ನಿನ ಕಾರುಗಳಲ್ಲಿ ಪ್ರಸಿದ್ಧವಾದ, 1959ರ ಇಂಗ್ಲೆಂಡಿನ ಮಿನಿ ಕಾರಿನಲ್ಲಿ ರೇಡಿಯೇಟರನ್ನೇ ಪಕ್ಕಕ್ಕೆ ಸರಿಸಿ ಬೆಲ್ಟಿನ ಬೀಸಣಿಗೆಯನ್ನು ಉಳಿಸಿಕೊಂಡಿದ್ದರು. ರೇಡಿಯೇಟರು ಮುಂದೆಯೇ ಇರಬೇಕೆಂದರೆ ಬೀಸಣಿಗೆಗೆ ತನ್ನದೇ ಆದ ವಿದ್ಯುತ್ ಮೋಟಾರು ಬೇಕಾಯಿತು. ಅಂದಮೇಲೆ ವಿದ್ಯುತ್ ಬೀಸಣಿಗೆಯ ಪ್ರಚಾರಕ್ಕೆ ಎಂಜಿನ್ನಿನ ದಿಕ್ಕು ಬದಲಾದುದೂ ಒಂದು ದೊಡ್ಡ ಕಾರಣವೆಂದು ತಿಳಿಯಬೇಕು.

ಇದರ ಅನುಕೂಲಗಳು ಸ್ಪಷ್ಟವಾಗಿವೆ. ಎಂಜಿನ್ನು ಎಷ್ಟೇ ನಿಧಾನವಾಗಿ ತಿರುಗಲಿ, ಈ ಬೀಸಣಿಗೆ ತನ್ನ ಪೂರ್ಣವೇಗದಲ್ಲಿಯೇ ತಿರುಗುತ್ತದೆ. ನೀರಿನ ಉಷ್ಣತೆಯನ್ನು ಅರಿಯುವ ಸ್ವಿಚ್ಚು ಸುಮಾರು 92 ಡಿಗ್ರಿಯಲ್ಲಿ ಅದನ್ನು ಚಾಲೂ ಮಾಡಿ, 87 ಡಿಗ್ರಿಗೆ ಇಳಿದಾಗ ನಿಲ್ಲಿಸುವಂತೆ ಏರ್ಪಡಿಸಬಹುದು. ಹೆದ್ದಾರಿಯಲ್ಲಿ ಅದು ಸುಮ್ಮನಿರುತ್ತದೆ; ಆಗ ಎಂಜಿನ್ನಿಗೆ ಅದರ ಹೊರೆ ಕೊಂಚವೂ ಇಲ್ಲ.

ಹಾಗಾದರೆ ಹಳೆಯ ಕಾರಿಗೂ ಇದನ್ನೇ ಹಾಕಿಸಬಹುದಲ್ಲವೆ? ಇಲ್ಲಿಯೇ ನಾವು ಸ್ವಲ್ಪ ನಿಂತು ಆಲೋಚಿಸಬೇಕು. ಬೀಸಣಿಗೆಗೆ ವಿದ್ಯುತ್ತು ಎಲ್ಲಿಂದ ಬರಬೇಕು?

ಡೈನಮೋದ ಆಯವ್ಯಯ

1960ರ ದಶಕದ ಕಾರುಗಳಲ್ಲಿ ವಿದ್ಯುತ್ತನ್ನು ಉತ್ಪಾದಿಸುವುದು ಡೈನಮೋ. ಅದು ಚೆನ್ನಾಗಿ ತಿರುಗುವಾಗ ಸುಮಾರು 20 ಆಂಪಿಯರ್ ಪ್ರವಾಹ ಕೊಡಬಲ್ಲದು. ಆದರೆ ಅದರ ತಿರುಗುವ ಸುರುಳಿಗಳಿಂದ ಪ್ರವಾಹವನ್ನು ಹೊರತರುವ ಕಮ್ಯುಟೇಟರು ಅತಿವೇಗವನ್ನು ತಾಳಲಾರದು. ಆದುದರಿಂದ ಹೆದ್ದಾರಿಯ ವೇಗದಲ್ಲಿ ಅದು ಕೆಡದಂತೆ ರಾಟೆಯ ಅಳತೆಯನ್ನು ಗೊತ್ತುಮಾಡಿರುತ್ತಾರೆ. ಇದರ ಫಲವಾಗಿ, ಕಾರು ನಿಂತು ಎಂಜಿನ್ನು ಮಂದವಾಗಿ ತಿರುಗುವಾಗ ಡೈನಮೋದಿಂದ ಬರುವ ಪ್ರವಾಹ ಬಹುಮಟ್ಟಿಗೆ ಶೂನ್ಯ. ಮುಂದೆ ಬಂದ ಆಲ್ಟರ್ನೇಟರಿನಲ್ಲಿ ಪ್ರವಾಹ ಹುಟ್ಟುವ ಸುರುಳಿಗಳು ಸ್ಥಿರವಾಗಿವೆ, ಕಮ್ಯುಟೇಟರು ಇಲ್ಲ. ಅದನ್ನು ಹೆಚ್ಚು ವೇಗದಲ್ಲಿ ತಿರುಗಿಸಬಹುದು. ಆದುದರಿಂದ ಎಂಜಿನ್ನು ಮಂದವಾಗಿರುವಾಗಲೂ ಅದು ಸಾಕಷ್ಟು ಪ್ರವಾಹ ಕೊಡುತ್ತದೆ.

ಮಳೆಗಾಲದ ಒಂದು ಸಂಜೆಯನ್ನು ಊಹಿಸಿಕೊಳ್ಳೋಣ. ಮುಂದೀಪಗಳೆರಡಕ್ಕೆ 90 ವಾಟ್, ಹಿಂದಿನ ದೀಪಗಳಿಗೆ 20, ಗಾಜು ಒರೆಸುವ ವೈಪರಿಗೆ 30, ಕಿಡಿಹಾರಿಸುವ ಇಗ್ನಿಷನ್ನಿಗೆ 40 ಎಂದಿಟ್ಟುಕೊಂಡರೆ ಒಟ್ಟು 180 ವಾಟ್. 12 ವೋಲ್ಟಿನ ಬ್ಯಾಟರಿಯಿಂದ ಇದು 15 ಆಂಪಿಯರ್. ಇದಕ್ಕೆ 10 ಆಂಪಿಯರ್ ಎಳೆಯುವ ಒಂದು ಸಾಧಾರಣ ವಿದ್ಯುತ್ ಬೀಸಣಿಗೆಯನ್ನು ಕೂಡಿಸಿದರೆ 25 ಆಯಿತು. ಡೈನಮೋ ತನ್ನ ಪೂರ್ಣಶಕ್ತಿಯಿಂದ ದುಡಿದರೂ ಸಾಲದು. ಸಂದಣಿಯಲ್ಲಿ ಅದು ದುಡಿಯುವುದೂ ಇಲ್ಲ. ಸಾಲವೆಲ್ಲ ಬ್ಯಾಟರಿಯ ಮೇಲೆ ಬೀಳುತ್ತದೆ. 40 ಆಂಪಿಯರ್-ಗಂಟೆಯ ಬ್ಯಾಟರಿ ಕಾಗದದ ಲೆಕ್ಕದಲ್ಲಿ ಒಂದೂವರೆ ಗಂಟೆ ತಾಳಬೇಕು. ಹಳೆಯ ಬ್ಯಾಟರಿ ಅದಕ್ಕೂ ಮುಂಚೆಯೇ ಕೈಬಿಡುತ್ತದೆ. ಕುದಿಯುವುದನ್ನು ತಪ್ಪಿಸಲು ಹೋಗಿ ಕತ್ತಲೆಯಲ್ಲಿ ನಿಂತಂತಾಗುತ್ತದೆ. ಬೆಲ್ಟಿನ ಬೀಸಣಿಗೆಗೆ ಈ ಚಿಂತೆಯೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇನ್ನೊಂದು ತೊಡಕೂ ಉಂಟು. ಹಳೆಯ ಕೆಲವು ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಕಾರಿನ ಮೈಗೆ ಜೋಡಿಸಿರುತ್ತಾರೆ. ಈಗಿನ ಕಾರುಗಳಲ್ಲಿ ಮೈಗೆ ಸೇರುವುದು ಋಣಧ್ರುವ. ಬೀಸಣಿಗೆಯ ಮೋಟಾರಿನಲ್ಲಿರುವುದು ಶಾಶ್ವತ ಅಯಸ್ಕಾಂತ. ಆದುದರಿಂದ ಪ್ರವಾಹದ ದಿಕ್ಕು ಬದಲಾದರೆ ತಿರುಗುವ ದಿಕ್ಕೂ ಬದಲಾಗುತ್ತದೆ. ಇದನ್ನು ಗಮನಿಸದೆ ತಂತಿ ಜೋಡಿಸಿದರೆ ಬೀಸಣಿಗೆ ಎಂಜಿನ್ನಿನ ಬಿಸಿಗಾಳಿಯನ್ನು ಮುಂದಕ್ಕೆ, ಎದುರುಗಾಳಿಯ ವಿರುದ್ಧವಾಗಿ ನೂಕುತ್ತದೆ. ಸದ್ದು ಕೇಳಿಸುತ್ತದೆ, ಅಲಗುಗಳು ತಿರುಗುತ್ತವೆ, ಕಾರು ಮಾತ್ರ ಮೊದಲಿಗಿಂತ ಬೇಗನೆ ಕುದಿಯುತ್ತದೆ! ರೇಡಿಯೇಟರಿನ ಹತ್ತಿರ ಒಂದು ತೆಳು ಕಾಗದ ಹಿಡಿದು ನೋಡಿದರೆ ಗಾಳಿಯ ದಿಕ್ಕು ತಿಳಿದುಬಿಡುತ್ತದೆ.

ರೋಗ ಯಾವುದು?

ಇಷ್ಟು ಲೆಕ್ಕವಾದ ಮೇಲೆ ನಾವು ಮಿತ್ರರನ್ನು ಒಂದು ಪ್ರಶ್ನೆ ಕೇಳಿದೆವು: "ಕಾರು ಕಾಯುವುದು ನಿಂತಾಗಲೋ, ಓಡುವಾಗಲೋ?" ಎಲ್ಲ ಆಯ್ಕೆಗಳಿಗೂ ಮೊದಲು ಕೇಳಬೇಕಾದ ಪ್ರಶ್ನೆಯಿದು. ಸಂದಣಿಯಲ್ಲಿ ಮಾತ್ರ ಕಾದು, ಬಯಲು ರಸ್ತೆಗೆ ಬಂದೊಡನೆ ತಣಿದರೆ ದೋಷ ಗಾಳಿಯದು. ಬೀಸಣಿಗೆಯ ವಿಚಾರ ಮಾಡುವುದು ಯುಕ್ತ. ಹೆದ್ದಾರಿಯಲ್ಲಿಯೂ ಕಾದರೆ, ಅಲ್ಲಿ ಬೇಕಾದಷ್ಟು ಗಾಳಿಯಿರುವುದರಿಂದ, ಬೀಸಣಿಗೆಯನ್ನು ಶಂಕಿಸುವುದು ವ್ಯರ್ಥ. ದೋಷ ನೀರಿನ ಹರಿವಿನಲ್ಲಿಯೋ ರೇಡಿಯೇಟರಿನಲ್ಲಿಯೋ ಬೇರೆಡೆಯಲ್ಲಿಯೋ ಇರಬೇಕು.

ಮಿತ್ರರು ಸ್ವಲ್ಪ ಹೊತ್ತು ನೆನಪಿಸಿಕೊಂಡು, ಹಿಂದಿನ ತಿಂಗಳು ಮೈಸೂರು ರಸ್ತೆಯಲ್ಲಿ ಸರಾಗವಾಗಿ ಓಡುತ್ತಿದ್ದಾಗಲೂ ಮುಳ್ಳು ಮೇಲೇರಿತ್ತೆಂದು ಹೇಳಿದರು. ಮೆಕ್ಯಾನಿಕ್ಕಿನ ತೀರ್ಪು ಅಷ್ಟಕ್ಕೇ ಅಲುಗಾಡಿತು. ರೇಡಿಯೇಟರನ್ನು ಬಿಚ್ಚಿಸಿ ನೋಡಿದಾಗ ಒಳಗಿನ ಕೊಳವೆಗಳಲ್ಲಿ ಬಿಳಿಯ ಗಾರೆಯಂತಹ ಪದಾರ್ಥ ಕಟ್ಟಿಕೊಂಡಿತ್ತು. ಮನೆಯ ಕೊಳವೆಬಾವಿಯ ನೀರನ್ನೇ ವರ್ಷಗಟ್ಟಲೆ ಅದಕ್ಕೆ ಹೊಯ್ಯುತ್ತಿದ್ದರು. ಕೊಳವೆಬಾವಿಯ ಗಡಸು ನೀರಿನಲ್ಲಿ ಕರಗಿರುವ ಸುಣ್ಣದ ಲವಣಗಳು ನೀರು ಕಾದಾಗ ಬೇರ್ಪಟ್ಟು ಲೋಹಕ್ಕೆ ಅಂಟುತ್ತವೆ. ಹಂಡೆಯ ತಳದಲ್ಲಿ ಹತ್ತುವ ಬಿಳಿಯ ಹಕ್ಕಳೆಯೂ ಇದೇ. ಅದು ನೀರಿನ ದಾರಿಯನ್ನು ಕಿರಿದುಮಾಡುವುದಲ್ಲದೆ ಶಾಖ ಲೋಹವನ್ನು ಮುಟ್ಟದಂತೆ ತಡೆಯುತ್ತದೆ. ಇಂತಹ ರೇಡಿಯೇಟರಿಗೆ ಎಷ್ಟು ದೊಡ್ಡ ಬೀಸಣಿಗೆ ಹಾಕಿದರೂ ಏನು ಪ್ರಯೋಜನ?

ರೇಡಿಯೇಟರು ದುರಸ್ತಿಮಾಡುವವರು ಅದರ ತೊಟ್ಟಿಯನ್ನು ಬೆಸುಗೆ ಬಿಡಿಸಿ, ಕೊಳವೆಗಳನ್ನು ಕಡ್ಡಿಯಿಂದ ಶುದ್ಧಮಾಡಿಕೊಟ್ಟರು. ಒತ್ತಡದ ಮುಚ್ಚಳವನ್ನೂ ಬೆಲ್ಟನ್ನೂ ಬದಲಿಸಿದೆವು. ಭಟ್ಟಿಯಿಳಿಸಿದ ನೀರಿಗೆ ಕೂಲಂಟು ಬೆರೆಸಿ ತುಂಬಿದೆವು. ಥರ್ಮೋಸ್ಟಾಟನ್ನು ಯಾರೋ ಹಿಂದೆಯೇ ಕಿತ್ತೆಸೆದಿದ್ದರು, ಹೊಸದನ್ನು ಹಾಕಿಸಿದೆವು. ಅದನ್ನು ತೆಗೆದರೆ ಎಂಜಿನ್ನು ತಂಪಾಗಿರುತ್ತದೆಂಬ ನಂಬಿಕೆ ಅನೇಕರಲ್ಲಿದೆ. ಕಾದ ಎಂಜಿನ್ನಿನಲ್ಲಿ ಸರಿಯಾದ ಥರ್ಮೋಸ್ಟಾಟು ತಾನಾಗಿ ತೆರೆದೇ ಇರುವುದರಿಂದ ಅದು ಅಡ್ಡಿಯಾಗುವುದಿಲ್ಲ. ಇಲ್ಲದಿದ್ದರೆ ಮುಂಜಾನೆಯ ತಣ್ಣನೆಯ ಎಂಜಿನ್ನು ಬೇಗ ಕಾವೇರದೆ ಸವೆಯುತ್ತದೆ.

ಹೆದ್ದಾರಿಯ ತೊಂದರೆ ಅಲ್ಲಿಗೆ ನಿಂತಿತು. ಸಂದಣಿಯಲ್ಲಿ ಮಾತ್ರ ಮುಳ್ಳು ಇನ್ನೂ ನಿಧಾನವಾಗಿ ಮೇಲೇರುತ್ತಿತ್ತು. ಈಗ ಉಳಿದದ್ದು ನಿಜವಾಗಿಯೂ ಗಾಳಿಯ ಕೊರತೆ. ಆಗ ನಮ್ಮ ಕಣ್ಣಿಗೆ ಬಿದ್ದದ್ದು ಬೀಸಣಿಗೆಗೂ ರೇಡಿಯೇಟರಿಗೂ ನಡುವಣ ಅಂತರ. ಅಲಗುಗಳ ಸುತ್ತ ಕವಚವಿಲ್ಲದಿದ್ದರೆ ಅವು ರೇಡಿಯೇಟರಿನ ಮೂಲಕ ಹೊಸ ಗಾಳಿಯನ್ನು ಎಳೆಯುವ ಬದಲು, ಸುಲಭದ ದಾರಿ ಹಿಡಿದು, ಅಕ್ಕಪಕ್ಕದ ಬಿಸಿಗಾಳಿಯನ್ನೇ ಸುತ್ತಿಸುತ್ತವೆ. ತಗಡು ಕೆಲಸದವರಿಂದ ಅಳತೆಗೆ ಸರಿಯಾಗಿ ಒಂದು ಕವಚ ಮಾಡಿಸಿ, ಅಲಗುಗಳಿಗೆ ತಗುಲದಂತೆ ಕೂರಿಸಿದೆವು. ಬೀಸಣಿಗೆ ಹಳೆಯದೇ, ವೇಗವೂ ಹಳೆಯದೇ. ಆದರೆ ಅದು ಎಳೆಯುವ ಗಾಳಿಯೆಲ್ಲವೂ ಈಗ ರೇಡಿಯೇಟರಿನ ಮೂಲಕವೇ ಬರಬೇಕು. ಮುಳ್ಳು ನಡುವಿನಲ್ಲಿಯೇ ನಿಂತಿತು.

ಆಯ್ಕೆಯ ಕ್ರಮ

ಇದರಿಂದ ವಿದ್ಯುತ್ ಬೀಸಣಿಗೆ ಬೇಡವೆಂದು ನಾವು ಸಾರುತ್ತಿಲ್ಲ. ಡೈನಮೋ ಇರುವ ಕಾರಿಗೆ ಬೆಲ್ಟಿನ ಬೀಸಣಿಗೆ, ಕವಚ, ಶುದ್ಧವಾದ ರೇಡಿಯೇಟರು ಇವೇ ಯೋಗ್ಯ. ಆಲ್ಟರ್ನೇಟರು ಇದ್ದು, ದಿನವೂ ಸಂದಣಿಯಲ್ಲಿ ಓಡಿಸಬೇಕಾದ ಕಾರಿಗೆ ವಿದ್ಯುತ್ ಬೀಸಣಿಗೆ ನಿಜಕ್ಕೂ ಉಪಕಾರಿ. ಹಾಗೆ ಹಾಕಿಸುವಾಗ ಕೆಲವು ನಿಯಮಗಳನ್ನು ಪಾಲಿಸಬೇಕು. ಬೀಸಣಿಗೆ ರೇಡಿಯೇಟರಿನ ಹಿಂದಿದ್ದು ಗಾಳಿಯನ್ನು ಎಳೆಯುವಂತಿರುವುದು ಮೇಲು. ಮುಂದಿಟ್ಟರೆ ಓಡುವಾಗ ಎದುರುಗಾಳಿಗೆ ಅದೇ ತಡೆಯಾಗುತ್ತದೆ. ಮೋಟಾರು ಹೊರಡುವ ಕ್ಷಣದಲ್ಲಿ ಸಾಮಾನ್ಯಕ್ಕಿಂತ ಹಲವು ಪಟ್ಟು ಪ್ರವಾಹ ಎಳೆಯುವುದರಿಂದ ಅದನ್ನು ಬೀಗದ ಕೈಯ ಸ್ವಿಚ್ಚಿನ ಮೂಲಕ ಹರಿಸದೆ, ರಿಲೇ ಮತ್ತು ತಕ್ಕ ಫ್ಯೂಸಿನ ಮೂಲಕ ಬ್ಯಾಟರಿಯಿಂದಲೇ ತರಬೇಕು. ಉಷ್ಣತೆಯ ಸ್ವಿಚ್ಚು ಇರಲೇಬೇಕು. ಚಾಲಕನ ನೆನಪನ್ನು ನಂಬಿ ಕೈಸ್ವಿಚ್ಚನ್ನು ಮಾತ್ರ ಇಟ್ಟವರು ಒಂದಲ್ಲ ಒಂದು ದಿನ ಮರೆಯುತ್ತಾರೆ. ಬ್ಯಾಟರಿಗೆ ನೇರವಾಗಿ ಜೋಡಿಸಿದ ಬೀಸಣಿಗೆ ಎಂಜಿನ್ನು ನಿಂತ ಮೇಲೂ ತಟ್ಟನೆ ತಿರುಗಬಹುದು. ಆದುದರಿಂದ ಅಲಗುಗಳ ಬಳಿ ಬೆರಳು ಒಯ್ಯಬಾರದು.

ಈ ಎರಡರ ನಡುವೆ ಮೂರನೆಯ ದಾರಿಯೂ ಇದೆ. ಬೀಸಣಿಗೆ ಬೆಲ್ಟಿನದೇ ಆದರೂ ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಕ್ಲಚ್ಚು ಇರುತ್ತದೆ. ಎರಡು ಲೋಹಗಳ ಪಟ್ಟಿಯ ಸುರುಳಿ ರೇಡಿಯೇಟರಿನಿಂದ ಬರುವ ಬಿಸಿಗಾಳಿಗೆ ಬಿಚ್ಚಿಕೊಂಡು ಎಣ್ಣೆಗೆ ದಾರಿ ಬಿಟ್ಟಾಗ ಬೀಸಣಿಗೆಗೆ ಹಿಡಿತ ಸಿಗುತ್ತದೆ. ತಣಿದಾಗ ಹಿಡಿತ ಸಡಿಲುತ್ತದೆ. ಶಕ್ತಿಯ ಅಪವ್ಯಯ ಇದರಿಂದ ತಪ್ಪುತ್ತದೆ. ಆದರೆ ಎಂಜಿನ್ನಿಗಿಂತ ವೇಗವಾಗಿ ಬೀಸುವ ಸಾಮರ್ಥ್ಯ ಇದಕ್ಕೂ ಇಲ್ಲ.

ಯಾವ ಬೀಸಣಿಗೆಯಾದರೂ ಒಂದು ಮಾತನ್ನು ಮರೆಯಬಾರದು. ನೀರಿನ ಪಂಪು ಬೆಲ್ಟಿನಿಂದಲೇ ತಿರುಗುತ್ತದೆ. ಬೆಲ್ಟು ಹರಿದರೆ ವಿದ್ಯುತ್ ಬೀಸಣಿಗೆ ಎಷ್ಟು ಬೀಸಿದರೂ ನೀರು ಹರಿಯದು. ಮುಳ್ಳು ಕೆಂಪು ಗುರುತನ್ನು ಮುಟ್ಟಿದಾಗ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಅರ್ಧಗಂಟೆ ಕಾಯುವುದೇ ಸರಿ. ಹಾಗೆ ಮಾಡದೆ ಓಡಿಸಿದರೆ ಸಿಲಿಂಡರಿನ ತಲೆ ಸೊಟ್ಟಗಾಗಿ ಗ್ಯಾಸ್ಕೆಟ್ಟು ಸುಡುತ್ತದೆ. ಮುಂದೆ ಎಂಜಿನ್ನೇ ಕೆಡಬಹುದು.

ನಮ್ಮ ಮಿತ್ರರು ಕಾರನ್ನು ಮಾರಲಿಲ್ಲ. ಕಡುಬೇಸಗೆಯಲ್ಲಿ ಸಿಲ್ಕ್ ಬೋರ್ಡಿನ ಕಡೆ ಬಹುಹೊತ್ತು ನಿಲ್ಲಬೇಕಾದಾಗ ಮುಳ್ಳು ಈಗಲೂ ಸ್ವಲ್ಪ ಮೇಲೇರುವುದುಂಟು. ಆಗ ಅವರು ಗೇರನ್ನು ಬಿಡಿಸಿ ಎಂಜಿನ್ನಿನ ವೇಗವನ್ನು ಕೊಂಚ ಹೆಚ್ಚಿಸುತ್ತಾರೆ. ಪಂಪೂ ಬೀಸಣಿಗೆಯೂ ಒಟ್ಟಿಗೆ ಚುರುಕಾಗಿ ಮುಳ್ಳು ಇಳಿಯುತ್ತದೆ. ಮಳೆ ಬಿದ್ದ ಮೇಲೆ ಒಂದು ಮಂಗಳವಾರ ತಾಯಿಯವರು ಅದೇ ಕಾರಿನಲ್ಲಿ ಗುಡಿಗೆ ಹೋಗಿಬಂದರು. ಹಿಂದಿರುಗಿ ಇಳಿಯುವಾಗ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ, "ಬೆಚ್ಚಗಿದೆ, ಅಷ್ಟೇ" ಎಂದರಂತೆ.